ಬೊಗಸೆಗೆ ಹುಯ್ದ ನೀರು

ಸಮೂಯೇಲು ಚೌದರಿಯ ತಾಯಿಯ ಹೇಲು ಬಾಚುವುದು ನನ್ನ ಕೆಲಸ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಹೊಟ್ಟೆ ಕೆಟ್ಟ ದಿನ ಎಷ್ಟು ಸಲ ಅಂತ ಹೇಳುವಂತಿಲ್ಲ. ಮಗ್ಗುಲಾಗಿಸುತ್ತೇನೆ, ಒರೆಸುತ್ತೇನೆ, ಬಿಸಿನೀರಲ್ಲಿ ತೊಳೆಯುತ್ತೇನೆ, ಬೆನ್ನಿಗೆ ಎಣ್ಣೆ ತಿಕ್ಕುತ್ತೇನೆ. ಮೂರು ವರ್ಷದಿಂದ ಮಲಗಿದ ಮುದುಕಿ. ಮೈಮೇಲೆ ಒಂದು ಹುಣ್ಣಿಲ್ಲ. ಬೇಕಾದರೆ ಬಂದು ನೋಡಿ.

ಹಿತ್ತಿಲ ಬಾಗಿಲಿಂದ ಬರುತ್ತೇನೆ, ಹಿತ್ತಿಲ ಬಾಗಿಲಿಂದ ಹೋಗುತ್ತೇನೆ. ಅಡಿಗೆಮನೆ ಕಡೆ ಕಾಲಿಡುವಂತಿಲ್ಲ. ಮುದುಕಿಗೆ ಕುಡಿಸಲು ಸೊಸೆ ಝಾನ್ಸಿ ಒಂದು ಚೆಂಬು ನೀರು ತಂದು ಕೋಣೆಯ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಾಳೆ. ಆ ಚೆಂಬು ಬೇರೆ, ಅವರ ಮನೆಯ ಚೆಂಬು ಬೇರೆ. ನನ್ನ ಕೈ ಅವರ ತಾಯಿಯ ಹೇಲು ಮುಟ್ಟಬಹುದು, ಅವರ ಬಿಂದಿಗೆ ಮುಟ್ಟಬಾರದು. ಅವರೂ ಕ್ರೈಸ್ತರು, ನಾವೂ ಕ್ರೈಸ್ತರು. ಭಾನುವಾರ ಒಂದೇ ಚರ್ಚಿನಲ್ಲಿ ಒಬ್ಬನೇ ಯೇಸುವಿಗೆ ಸ್ತೋತ್ರ ಹೇಳುತ್ತೇವೆ. ಅವರು ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತು, ನಾವು ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತು.

ನನ್ನ ಹೆಸರು ಸುವಾರ್ತ. ಒಳ್ಳೇ ಸುದ್ದಿ ಅಂತ ಅರ್ಥ. ಅಮ್ಮ ಇಟ್ಟ ಹೆಸರು. ನಾನು ಈಗ ಹೇಳುವುದು ಯಾರಿಗೆ ಒಳ್ಳೇ ಸುದ್ದಿ ಅಂತ ನೀವೇ ನೋಡಿಕೊಳ್ಳಿ.

ಅಮ್ಮನ ಹೆಸರು ಎಲಿಶಮ್ಮ. ಕೊಮ್ಮಲಪಾಡಿನ ಮಾದಿಗಪಲ್ಲೆಯವಳು. ಊರಿನವರದು ಊರು, ಊರಾಚೆ ನಮ್ಮದು ಪಲ್ಲೆ. ಅಮ್ಮನಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಸುತ್ತ ಏಳು ಹಳ್ಳಿಯಲ್ಲಿ ಅವಳು ವಾಕ್ಯ ಹೇಳುವವಳು. ಯಾರೋ ಓದಿದ್ದನ್ನು ಒಂದು ಸಲ ಕೇಳಿದರೆ ಸಾಕು, ಯೇಸುವಿನ ಕತೆಯನ್ನು ಪಕ್ಕದ ಮನೆಯ ಹುಡುಗನ ಕತೆಯ ಹಾಗೆ ಹೇಳುತ್ತಿದ್ದಳು. ಕೇಳಿದವರು ನಗುತ್ತಿದ್ದರು, ಆಮೇಲೆ ಅಳುತ್ತಿದ್ದರು.

ಹೊಟ್ಟೆಪಾಡಿಗೆ ಚೌದರಿಗಳ ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆಯಲ್ಲಿ, ಕೂಲಿ. ಹಸಿ ಎಲೆಯನ್ನು ಕೋಲಿಗೆ ಕಟ್ಟುವುದು, ಬೇಯಿಸುವ ಗೂಡಿನೊಳಗೆ ತೊಲೆಯಿಂದ ತೊಲೆಗೆ ಏರಿಸುವುದು, ಬೆಂದದ್ದನ್ನು ಇಳಿಸಿ ಬಣ್ಣ ನೋಡಿ ವಿಂಗಡಿಸುವುದು. ಹಸಿ ಎಲೆಯ ಅಂಟು ಅಂಗೈಗೆ ಕೂತರೆ ಕಪ್ಪಗೆ ಕೂರುತ್ತದೆ. ಸೋಪಿಗೂ ಹೋಗುವುದಿಲ್ಲ, ಬೂದಿಗೂ ಹೋಗುವುದಿಲ್ಲ. ಆ ಕೈಯಲ್ಲಿ ಉಂಡರೆ ಅನ್ನ ಕಹಿ. ಕುಡಿದರೆ ನೀರು ಕಹಿ. ಹಾಲು ಕುಡಿಯುವ ಮಗು ಮೊಲೆಯಿಂದ ಬಾಯಿ ತಿರುಗಿಸುತ್ತದೆ. ನಾನೂ ನಲವತ್ತು ವರ್ಷ ಅದೇ ಎಲೆ ಕಟ್ಟಿದವಳು. ನನ್ನ ಕೈ ನೋಡಿದರೆ ಗೊತ್ತಾಗುತ್ತದೆ.

ಬಾಯಾರಿದರೆ ಪುನ್ನಮ್ಮ ದೊರಸಾನಿಯ ಹಿತ್ತಿಲು. ಈಗ ನಾನು ತೊಳೆಯುವ ಮುದುಕಿಯೇ ಆ ಪುನ್ನಮ್ಮ. ಅವಳು ಕಟ್ಟೆಯ ಮೇಲೆ ನಿಲ್ಲುತ್ತಿದ್ದಳು. ನಮ್ಮವರು ಕೆಳಗೆ ಬಗ್ಗಿ ಬೊಗಸೆಯನ್ನು ಬಾಯಿಗೆ ಹಿಡಿಯಬೇಕು. ಎದೆಮಟ್ಟದಿಂದ ಚೆಂಬು ಬಗ್ಗಿಸುತ್ತಿದ್ದಳು. ಹತ್ತಿರದಿಂದ ಹುಯ್ದರೆ ನೀರಿನ ಎಳೆ ಹಿಡಿದು ನಮ್ಮ ಮೈಲಿಗೆ ಚೆಂಬಿಗೆ ಹತ್ತುತ್ತದಂತೆ. ಅಷ್ಟೆತ್ತರದಿಂದ ಬಿದ್ದ ನೀರು ಅರ್ಧ ಬೊಗಸೆಗೆ, ಅರ್ಧ ಮೂಗಿಗೆ, ಮಿಕ್ಕಿದ್ದು ಮೊಣಕೈಯಿಂದ ಇಳಿದು ರವಿಕೆಗೆ. ಕುಡಿದಾದ ಮೇಲೆ ತಲೆ ಎತ್ತದೆ ಹೇಳಬೇಕು, 'ಸಾಕು ದೊರಸಾನಿ.' ಗಂಡಸು ಹುಯ್ದರೆ, 'ಸಾಕು ದೊರೆ.' ಹೇಳದೆ ಎದ್ದವರಿಗೆ ಮಾರನೇ ದಿನ ನೀರಿಲ್ಲ.

ಒಂದು ವರ್ಷ ಪುನ್ನಮ್ಮನ ಎರಡು ಹೆಣ್ಣುಮಕ್ಕಳು ಒಂದೇ ಜ್ವರದಲ್ಲಿ ಹೋದವು. ಅದರ ಹಿಂದಿನ ವರ್ಷ ಗಂಡ ಹೋಗಿದ್ದ. ಅವಳು ಮಾತು ಬಿಟ್ಟಳು. ಹಿತ್ತಿಲ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಗೋಡೆಯ ಈಚೆ, ಬ್ಯಾರನ್ನಿನ ಬಯಲಲ್ಲಿ, ಅಮ್ಮ ಎಲೆ ಕಟ್ಟುತ್ತ ಹಾಡುತ್ತಿದ್ದಳು. ಒಂದು ದಿನ ಗೋಡೆಯ ಮೇಲಿಂದ ಪುನ್ನಮ್ಮನ ತಲೆ ಕಂಡಿತು.

"ಏನೇ ಎಲಿಶಾ, ನಿಂದೂ ಮೂರು ಮಕ್ಕಳು ಸತ್ತಿವೆ. ನಿಂಗೆ ನಗು ಹೆಂಗೆ ಬರುತ್ತೇ?"

"ನಗು ನಂದಲ್ಲ ದೊರಸಾನಿ. ಕೊಟ್ಟೋನೊಬ್ಬ ಇದಾನೆ. ಕೇಳಿದ್ರೆ ನಿಮಗೂ ಕೊಡ್ತಾನೆ. ಅವನಿಗೆ ಊರು ಯಾವುದು ಪಲ್ಲೆ ಯಾವುದು ಗೊತ್ತಾಗಲ್ಲ. ಸ್ವಲ್ಪ ಪೆದ್ದ."

ಪುನ್ನಮ್ಮ ಫಕ್ಕನೆ ನಕ್ಕಳಂತೆ. ಎಷ್ಟೋ ತಿಂಗಳ ಮೇಲೆ ನಕ್ಕ ಮೊದಲ ನಗು. ಅಲ್ಲಿಂದ ಮೂರು ವರ್ಷ ಅಮ್ಮ ಗೋಡೆಯ ಈಚೆ ಬಿಸಿಲಲ್ಲಿ ನಿಂತು ಅವಳಿಗೆ ಯೇಸುವನ್ನು ಹೇಳಿದಳು. ಗೋಡೆಯ ಆಚೆ ನೆರಳಿತ್ತು. ಒಂದು ದಿನವೂ ಒಳಗೆ ಬಾ ಅನ್ನಲಿಲ್ಲ.

ಕೊನೆಗೆ ಪುನ್ನಮ್ಮ ದೀಕ್ಷಾಸ್ನಾನ ತಗೊಂಡಳು. ಇಪ್ಪತ್ತು ವರ್ಷದ ಮಗನನ್ನೂ ಕೆರೆಗೆ ಇಳಿಸಿದಳು. ಸಾಂಬಯ್ಯ ಚೌದರಿ ಅಂತ ಮುಳುಗಿದವನು ಸಮೂಯೇಲು ಚೌದರಿ ಅಂತ ಎದ್ದ. ಸಾಂಬಯ್ಯ ನೀರಲ್ಲಿ ಹೋದ. ಚೌದರಿ ಮಾತ್ರ ಒದ್ದೆಯೇ ಆಗಲಿಲ್ಲ.

ಆವತ್ತು ನನಗೆ ಎಂಟು ವರ್ಷ. ನಾವೆಲ್ಲ ತಮಟೆ ಬಡಿದುಕೊಂಡು ಕೆರೆಯಿಂದ ಅವರ ಹಿತ್ತಿಲತನಕ ಹೋದೆವು. ಅಮ್ಮ ಕುಣಿದು ಕುಣಿದು ಸುಸ್ತಾಗಿದ್ದಳು. "ದೊರಸಾನಿ, ಗಂಟಲು ಒಣಗಿದೆ" ಅಂದಳು. ಪುನ್ನಮ್ಮನ ಸೀರೆಯಿಂದ ಕೆರೆಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಕಣ್ಣಲ್ಲಿ ಆನಂದದ ನೀರು. ಒಳಗಿಂದ ಚೆಂಬು ತಂದಳು. ಕಟ್ಟೆ ಹತ್ತಿದಳು. ಎದೆಮಟ್ಟದಿಂದ ಹುಯ್ದಳು. ಅಮ್ಮ ಬೊಗಸೆ ಹಿಡಿದು ಕುಡಿದು, "ಸಾಕು ದೊರಸಾನಿ" ಅಂದಳು.

ನಾವು ವಾಪಸು ಹೊರಟೆವು. ಪಲ್ಲೆ ಹತ್ತಿರ ಬಂದಾಗ ಅಮ್ಮ ಗುನುಗತೊಡಗಿದಳು. ಅಂಗಳಕ್ಕೆ ಬರುವಷ್ಟರಲ್ಲಿ ಹಾಡಾಗಿತ್ತು.

ಎತ್ತರದಿಂದ ಹುಯ್ಯಲಿಲ್ಲ ನನ್ನ ಯೇಸು
ಬಗ್ಗಿ ಬಂದು ಹುಯ್ದನಮ್ಮ
ಬೆರಳು ಬೆರಳು ಮುಟ್ಟಿ ಹುಯ್ದ
ನನ್ನ ಬೊಗಸೆ ತುಂಬಿತಮ್ಮ

ಅಮ್ಮ ನಗುತ್ತ ಹಾಡಿದಳು. ಪಲ್ಲೆಯ ಹೆಂಗಸರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿದರು. ನನಗೆ ನಗು ಬರಲಿಲ್ಲ. ಅಮ್ಮನ ಹಾಡು ನನಗೆ ಬಂತು, ಅವಳ ಸಂತೋಷ ಬರಲಿಲ್ಲ. ಅದು ಅವಳ ಜೊತೆಯೇ ಮಣ್ಣಿಗೆ ಹೋಯಿತು.

ಪುನ್ನಮ್ಮನಿಗೆ ಆ ಹಾಡು ಅಂದರೆ ಪ್ರಾಣ. ಗೋಡೆಯ ಆಚೆ ನಿಂತು ಅಮ್ಮನಿಂದಲೇ ಕಲಿತಳು. ಅದು ತನ್ನ ಮೇಲಿನ ಹಾಡು ಅಂತ ಅವಳಿಗೆ ಹೊಳೆಯಲೇ ಇಲ್ಲ. ಹಾಡುತ್ತ ಅಳುತ್ತಿದ್ದಳು. ಹಾಡು ಮುಗಿದ ಮೇಲೆ ನೀರು ಕೇಳಿದರೆ ಮತ್ತೆ ಎದೆಮಟ್ಟದಿಂದಲೇ ಹುಯ್ಯುತ್ತಿದ್ದಳು.

ಇದಾಗಿ ಐವತ್ತು ವರ್ಷ. ಊರಿಗೆ ಸುವಾರ್ತೆ ಬಂದ ಐವತ್ತನೇ ವರ್ಷದ ಹಬ್ಬ ಅಂತ ಚೌದರಿ ಡಂಗುರ ಹೊಡೆಸಿದ. ಪಲ್ಲೆಗೆ ಅದಕ್ಕೂ ನಲವತ್ತು ವರ್ಷ ಮೊದಲೇ ಬಂದಿತ್ತು. ಅದು ಯಾರಿಗೂ ಹಬ್ಬವಲ್ಲ. ಸಭೆಯ ಹಿರಿಯ ಅವನೇ, ಚರ್ಚಿನ ಜಾಗ ಅವನದೇ. ತಮಟೆ ಒಳಗೆ ತರಬಾರದು ಅಂತ ನಿಯಮ ಮಾಡಿದವನೂ ಅವನೇ. ಸತ್ತ ದನದ ಚರ್ಮ, ಸೈತಾನನ ವಾದ್ಯ ಅಂತೆ. ಒಳಗೆ ತಬಲ ಬಾರಿಸುತ್ತಾರೆ. ಅದೂ ಚರ್ಮವೇ. ಆದರೆ ಅದು ಊರಿನ ಚರ್ಮ.

ಹಬ್ಬಕ್ಕೆ ಎರಡು ತಿಂಗಳಿರುವಾಗ ಹಾಡಿನ ಪುಸ್ತಕ ಅಚ್ಚಾಗಿ ಬಂತು. ಮಕ್ಕಳಿಗೆಲ್ಲ ಹಂಚಿದರು. ನನ್ನ ಮೊಮ್ಮಗಳು ಕೆಜಿಯಾ ಆರನೇ ಕ್ಲಾಸು. ಅಂಗಳದಲ್ಲಿ ಕೂತು ಗಟ್ಟಿಯಾಗಿ ಹಾಡಿದಳು.

ಎತ್ತರದಿಂದ ಹುಯ್ದನಮ್ಮ ನನ್ನ ಯೇಸು
ಪರಲೋಕದಿಂದ ಹುಯ್ದನಮ್ಮ
ಕೃಪೆಯ ಮಳೆಯ ಸುರಿಸಿ ಹುಯ್ದ
ನನ್ನ ಪಾತ್ರೆ ತುಂಬಿತಮ್ಮ

"ತಪ್ಪು ಹಾಡ್ತಿದೀಯ ಕಣೇ" ಅಂದೆ.

"ನೀನೇ ತಪ್ಪು ಅಜ್ಜಿ. ನೋಡು, ಮೊದಲನೇ ಹಾಡು. ಪಾತ್ರೆ ಅಂತಿದೆ."

"ಕೆಳಗೆ ಏನು ಬರೆದಿದೆ? ಓದು."

"ರಚನೆ, ಬಸವಪುನ್ನಮ್ಮ ಚೌದರಿ."

ಅದು ಪುನ್ನಮ್ಮನ ಪೂರ್ತಿ ಹೆಸರು. ಕೆಜಿಯಾ ಎಲಿಶಮ್ಮನ ಮರಿಮಗಳು. ಅವಳ ಬಾಯಲ್ಲೇ ಎಲಿಶಮ್ಮ ಸತ್ತಳು. ಈ ಮಗು ದೊಡ್ಡವಳಾಗಿ ತನ್ನ ಮಕ್ಕಳಿಗೆ ಪಾತ್ರೆ ಅಂತ ಕಲಿಸುತ್ತಾಳೆ. ನಾನು ಸತ್ತ ದಿನ ಬೊಗಸೆಯನ್ನೂ ಹೂಳುತ್ತಾರೆ.

ಪಾದ್ರಿ ಏಸುಪಾದಂ ಅಯ್ಯಗಾರ ಹತ್ತಿರ ಹೋದೆ. ಅವರು ನಮ್ಮವರೇ, ಬೇರೆ ಊರಿನ ಪಲ್ಲೆಯವರು.

"ವಂದನೆ ಅಯ್ಯಗಾರೂ. ಈ ಹಾಡು ಯಾರದು ಅಂತ ನಿಮಗೆ ಗೊತ್ತಿಲ್ವಾ?"

ಅವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. "ಹಿರಿಯರು ತಿದ್ದಿಸಿದ್ದಾರಮ್ಮ. ಛಂದಸ್ಸು ಸರಿಹೋಗಲಿ ಅಂತ."

"ಹೆಸರು ಹಾಕಿದ್ದೂ ಛಂದಸ್ಸಿಗೇನಾ?"

"ನಂಗೂ ಮೂರು ಮಕ್ಕಳಿದಾರಮ್ಮ ಸುವಾರ್ತ" ಅಂದರು. ಅವರ ಸಂಬಳ ಚೌದರಿಯ ಕೈಯಿಂದ ಬರುತ್ತದೆ.

ಚೌದರಿಯನ್ನೇ ಕೇಳಿದೆ. ಚರ್ಚಿನಲ್ಲಿ ಮೈಕು ಹಿಡಿದರೆ ಅವನ ಬಾಯಲ್ಲಿ 'ಪ್ರಿಯ ಸಹೋದರಿಯರೇ' ಬರುತ್ತದೆ. ಹಿತ್ತಿಲಲ್ಲಿ ನಾವು 'ಏನೇ'.

"ಏನೇ, ಏನು ನಿಂದು?"

"ಹಾಡು ಅಮ್ಮಂದು ದೊರೆ. ಮಾತು ಬದಲಾಯಿಸಿದ್ದೀರಿ."

ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಮರ್ಯಾದೆಯಾಗಿರುತ್ತಿತ್ತು. ಅವನು ನಕ್ಕ.

"ದೇವರು ಎಲ್ಲಿರೋದು? ಮೇಲೆ. ಮೇಲಿರೋನು ಎತ್ತರದಿಂದ ಹುಯ್ಯದೆ ಕೆಳಗಿಂದ ಹುಯ್ತಾನಾ? ಅರ್ಥ ಇರಬೇಕು. ಬೊಗಸೆ ಗಿಗಸೆ ಅಂದ್ರೆ ಭಿಕ್ಷೆ ಕೇಳಿದಂಗಿರುತ್ತೆ. ಪಟ್ಟಣದಿಂದ ದೊಡ್ಡ ದೊಡ್ಡ ಬೋಧಕರು ಬರ್ತಾರೆ."

"ಅರ್ಥ ಇತ್ತು ದೊರೆ. ನಿಮ್ಮ ಹಿತ್ತಿಲಲ್ಲೇ ಹುಟ್ಟಿದ ಅರ್ಥ."

"ಬಾಯಿ ಜಾಸ್ತಿ ಆಯ್ತು ನಿಂದು."

"ಅಮ್ಮನ ಹೆಸರಾದ್ರೂ ಹಾಕಿ."

"ಕರ್ತನ ಹಾಡಿಗೆ ಮನುಷ್ಯರ ಹೆಸರು ಯಾಕೆ? ಅದು ಗರ್ವ ಅಲ್ವೇನೇ?"

"ನಿಮ್ಮಮ್ಮನ ಹೆಸರಿದೆಯಲ್ಲ."

"ಅದು ಸಾಕ್ಷಿ" ಅಂದ. "ಕೇಳಿಲ್ಲಿ. ಅಮ್ಮನ್ನ ಅವತ್ತು ವೇದಿಕೆಗೆ ಕರೆದು ಕೂರಿಸ್ತೀವಿ. ಮೊದಲ ಚರಣ ಅಮ್ಮನೇ ಹಾಡ್ತಾಳೆ. ದಿನಾ ಸಂಜೆ ನಾನೇ ಅಭ್ಯಾಸ ಮಾಡಿಸ್ತಿದೀನಿ. ನೀನು ಹಿಂದೆ ನಿಂತ್ಕೋ. ಮೇಲೆ ಕೂತು ಉಚ್ಚೆ ಗಿಚ್ಚೆ ಮಾಡ್ಕೊಂಡ್ರೆ ನೋಡೋರು ಬೇಕಲ್ಲ. ಬಿಳಿ ಸೀರೆ ಕೊಡಿಸ್ತೀನಿ. ಪಲ್ಲೆ ಹೆಂಗಸ್ರಿಗೂ ಹೇಳು, ಕೆಳಗೆ ಕೂತು ಸೇರಿಸಿ ಹಾಡ್ಲಿ. ನಿಮ್ಮೋರ ಗಂಟಲು ಚೆನ್ನಾಗಿದೆ."

"ಆಗಲಿ ದೊರೆ" ಅಂದೆ. ಬಹಳ ಬೇಗ ಅಂದೆ. ಅವನು ಅದನ್ನು ಗಮನಿಸಲಿಲ್ಲ. ನಮ್ಮ 'ಆಗಲಿ ದೊರೆ'ಯನ್ನು ಅವರು ಎಂದೂ ಗಮನಿಸಿದವರಲ್ಲ.

ಮಾರನೇ ಬೆಳಿಗ್ಗೆಯಿಂದ ನಾನು ಸೇಡಿಗೆ ಕೂತೆ. ಇದಕ್ಕೆ ಬೇರೆ ಹೆಸರು ಇಡಬೇಡಿ. ನ್ಯಾಯ ಅನ್ನಬೇಡಿ, ಹೋರಾಟ ಅನ್ನಬೇಡಿ. ಸೇಡು.

ಪುನ್ನಮ್ಮನಿಗೆ ನೆನಪು ಹೋಗಿದೆ. ಮಗನನ್ನು ಕೆಲವು ಸಲ ತನ್ನ ಮಾವ ಅಂದುಕೊಂಡು ಸೆರಗು ಹೊದೆಯುತ್ತಾಳೆ. ಝಾನ್ಸಿಯನ್ನು ಮೀನು ಮಾರುವವಳು ಅಂದುಕೊಂಡು ಚೌಕಾಸಿ ಮಾಡುತ್ತಾಳೆ. ನಾನು ಅವಳಿಗೆ ಎಲಿಶಾ. ಹಾಡು ಮಾತ್ರ ಎಲ್ಲೂ ಹೋಗಿರಲಿಲ್ಲ. ಸಂಜೆ ಮಗ ಫೋನಿನಲ್ಲಿ ಹೊಸ ಹಾಡು ಹಾಕಿ ಗಿಣಿಗೆ ಕಲಿಸಿದ ಹಾಗೆ ಕಲಿಸುತ್ತಿದ್ದ. ಬೆಳಿಗ್ಗೆ ಅವಳ ಸೀರೆ ಬಿಚ್ಚಿ, ತೊಳೆದು, ಎಣ್ಣೆ ತಿಕ್ಕುತ್ತ ನಾನು ಹಳೇದು ಹಾಡುತ್ತಿದ್ದೆ. ಅವಳು ಹಳೇದರ ಹಿಂದೆ ಮಗುವಿನ ಹಾಗೆ ಬರುತ್ತಿದ್ದಳು.

"ಸಂಜೆ ಒಬ್ಬ ಬರ್ತಾನೆ ಕಣೇ ಎಲಿಶಾ. ತಪ್ಪು ತಪ್ಪು ಹಾಡ್ತಾನೆ" ಅಂತ ಒಂದು ದಿನ ದೂರು ಹೇಳಿದಳು.

"ಹಾಡ್ಲಿ ಬಿಡಿ ದೊರಸಾನಿ. ಅವನ ಎದುರಿಗೆ ಹೂಂ ಅನ್ನಿ. ಚರ್ಚಲ್ಲಿ ನಮ್ಮದು ಹಾಡಿ."

ನೀರಿನದು ನಾನು ಯೋಚಿಸಿ ಮಾಡಿದ್ದಲ್ಲ. ಅವಳ ಕೈ ನಡುಗುತ್ತದೆ. ಲೋಟ ಹಿಡಿಯಲಾಗದೆ ಬೀಳಿಸಿದಳು, ಹಾಸಿಗೆಯೆಲ್ಲ ಒದ್ದೆ. ಲೋಟ ಎತ್ತಲು ನಾನು ಬಗ್ಗಿದೆ. ತಲೆ ಎತ್ತಿದರೆ ಅವಳು ಎರಡು ಕೈ ಜೋಡಿಸಿ ಬೊಗಸೆ ಹಿಡಿದಿದ್ದಳು. ಕಣ್ಣು ಚೆಂಬಿನ ಮೇಲಿತ್ತು. ಚೌದರಿಗಳ ಮನೆ ದೊರಸಾನಿ, ಬಂಗಾರದ ಬಳೆಯ ಕೈ, ನನ್ನ ಮುಂದೆ ಬೊಗಸೆ.

ಎದ್ದು ನಿಂತೆ. ಚೆಂಬನ್ನು ಎದೆಮಟ್ಟಕ್ಕೆ ಎತ್ತಿದೆ. ಹುಯ್ದೆ. ನೀರು ಅವಳ ಮೂಗಿಗೆ ಬಿತ್ತು, ಗಲ್ಲಕ್ಕೆ ಬಿತ್ತು, ಮೊಣಕೈಯಿಂದ ಇಳಿಯಿತು. ಅವಳು ಗಟಗಟ ಕುಡಿದು ನಕ್ಕಳು. ನನಗೂ ನಗು ಬಂತು. ಐವತ್ತು ವರ್ಷ ಬರದ ನಗು. ಕರ್ತ ಕ್ಷಮಿಸಿದರೆ ಕ್ಷಮಿಸಲಿ, ಬಿಟ್ಟರೆ ಬಿಡಲಿ.

ಅವತ್ತಿಂದ ಲೋಟ ಕೊಡಲೇ ಇಲ್ಲ. ದಿನಕ್ಕೆ ನಾಲ್ಕು ಸಲ ಬೊಗಸೆ. ಆಮೇಲೆ ಹೇಳಿಕೊಟ್ಟೆ.

"ಕುಡಿದ ಮೇಲೆ ಏನನ್ನಬೇಕು ದೊರಸಾನಿ?"

"ಏನು?"

"ಸಾಕು ದೊರೆ."

"ನೀನು ಹೆಂಗಸಲ್ವೇನೇ?"

"ಹುಯ್ಯೋರು ಯಾರಾದ್ರೇನು. ಹೇಳಿ, ಸಾಕು ದೊರೆ."

"ಸಾಕು ದೊರೆ."

"ತಲೆ ಎತ್ತದೆ."

ತಲೆ ಎತ್ತದೆ ಹೇಳಿದಳು. ಒಂದು ವಾರದಲ್ಲಿ ನಾನು ಕೇಳುವ ಮೊದಲೇ ಹೇಳತೊಡಗಿದಳು. ತಿಂಗಳಾದ ಮೇಲೆ ಝಾನ್ಸಿ ಲೋಟ ಹಿಡಿದರೆ ಬಾಯಿ ಬಿಗಿದುಕೊಂಡು ಮುಖ ತಿರುಗಿಸುತ್ತಿದ್ದಳು. "ಇದಕ್ಕೆ ಹುಚ್ಚು ಜಾಸ್ತಿಯಾಗಿದೆ. ನೀರು ಗೀರು ಎಲ್ಲ ನೀನೇ ನೋಡ್ಕೋ" ಅಂತ ಝಾನ್ಸಿ ಮೂಗು ಮುರಿದಳು.

ನಮ್ಮ ಕೇರಿಯ ಸಾರಮ್ಮನಿಗೆ ಮಾತ್ರ ಹೇಳಿದ್ದೆ. ಅಮ್ಮನ ಜೊತೆ ಎಲೆ ಕಟ್ಟಿದವಳು, ಬಾಯಿಬಡುಕಿ.

"ಬುದ್ಧಿ ಇಲ್ಲದ ಮುದುಕಿ ಮೇಲೆ ಸೇಡಾ? ನಿಮ್ಮಮ್ಮ ಇದ್ದಿದ್ರೆ ಕೆನ್ನೆಗೆ ಬಾರಿಸ್ತಿದ್ಲು."

"ಅಮ್ಮ ಹುಯ್ಯಿಸಿಕೊಂಡಾಗ ಪುನ್ನಮ್ಮನಿಗೆ ಬುದ್ಧಿ ಇತ್ತಲ್ಲ ಸಾರಕ್ಕ. ಎಲ್ಲಾ ಇತ್ತು. ಯೇಸುನೂ ಇದ್ದ."

ಸಾರಮ್ಮ ಎಲೆಅಡಿಕೆ ಉಗುಳಿ ಬಂದಳು. "ಹಬ್ಬದ ದಿನ ಮೊದಲ ಚಪ್ಪಾಳೆ ನಂದು" ಅಂದಳು.

ಹಬ್ಬಕ್ಕೆ ಮೂರು ದಿನ ಇರುವಾಗ ಪುನ್ನಮ್ಮ ನೀರು ಕುಡಿದು, ಒದ್ದೆ ಕೈಯಲ್ಲಿ ನನ್ನ ಕೆನ್ನೆ ಸವರಿದಳು. "ಎಲಿಶಾ, ನನ್ನ ಹೆಣ್ಣುಮಕ್ಕಳು ನಿನ್ನ ಯೇಸು ಹತ್ರ ಇದಾವಲ್ಲೇ? ಚೆನ್ನಾಗಿದಾವಲ್ಲೇ?" ಅಂದಳು. ಸುಳ್ಳು ಹೇಳುವುದಿಲ್ಲ, ಬಿಟ್ಟುಬಿಡೋಣ ಅನಿಸಿತು. "ಚೆನ್ನಾಗಿದಾವೆ ದೊರಸಾನಿ" ಅಂದೆ. ಆಮೇಲೆ ಕೆಜಿಯಾ ಬೆರಳಿಟ್ಟು ತೋರಿಸಿದ ಆ ಹೆಸರು ನೆನಪಾಯಿತು. ಮಧ್ಯಾಹ್ನ ಮತ್ತೆ ಎತ್ತರದಿಂದಲೇ ಹುಯ್ದೆ.

ಹಬ್ಬದ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ಚರ್ಚು ತುಂಬಿತ್ತು. ಛಾವಣಿಯ ಮೇಲೆ ನಾಲ್ಕು ಲೌಡ್‌ಸ್ಪೀಕರು ಕಟ್ಟಿಸಿದ್ದ. ಎರಡು ಊರಿನ ಕಡೆ ಮುಖ, ಎರಡು ಪಲ್ಲೆಯ ಕಡೆ ಮುಖ. ಪಟ್ಟಣದ ಬೋಧಕರು ಮಲ್ಲಿಗೆ ಹಾರ ಹಾಕಿಕೊಂಡು ಕೂತಿದ್ದರು. ನಮ್ಮ ಹೆಂಗಸರು ಬಾಗಿಲ ಹತ್ತಿರ, ಚಾಪೆಯ ಮೇಲೆ. ನಾನು ವೇದಿಕೆಯ ಮೇಲೆ. ಐವತ್ತು ವರ್ಷದಲ್ಲಿ ಪಲ್ಲೆಯ ಹೆಂಗಸು ಗುಡಿಸುವುದಕ್ಕಲ್ಲದೆ ಅಲ್ಲಿ ಹತ್ತಿದ್ದು ಅದೇ ಮೊದಲು. ಬಿಳಿ ಸೀರೆ, ಹೆಗಲಲ್ಲಿ ಹಳೇ ಬಟ್ಟೆಯ ಚೀಲ. ಪಕ್ಕದಲ್ಲಿ ನೀರಿನ ಚೆಂಬು.

ರೇಷ್ಮೆ ಸೀರೆ ಉಡಿಸಿ ಪುನ್ನಮ್ಮನನ್ನು ಗಾಲಿಕುರ್ಚಿಯಲ್ಲಿ ತಂದರು. ಕೈ ನಡುಗುತ್ತದೆಂದು ಸಣ್ಣ ಮೈಕನ್ನು ಅವಳ ಸೆರಗಿಗೇ ಸಿಕ್ಕಿಸಿದರು. ಚೌದರಿ ಮಾತಾಡಿದ. ಈ ಊರಿಗೆ ಬೆಳಕು ತಂದವಳು ನನ್ನ ತಾಯಿ, ಈ ಹಾಡು ಪವಿತ್ರಾತ್ಮ ನನ್ನ ತಾಯಿಯ ಬಾಯಲ್ಲಿ ನುಡಿಸಿದ್ದು ಅಂದ. ಜನ ಹಲ್ಲೆಲೂಯ ಅಂದರು. "ಹಾಡಮ್ಮ" ಅಂದ.

ಪುನ್ನಮ್ಮ ಜನರನ್ನೆಲ್ಲ ನೋಡಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ.

ಎತ್ತರದಿಂದ ಹುಯ್ಯಲಿಲ್ಲ ನನ್ನ ಯೇಸು...

ಚೌದರಿ ಕಿವಿಯ ಹತ್ತಿರ ಬಗ್ಗಿದ. "ಹುಯ್ದನಮ್ಮ ಅನ್ನು. ಹುಯ್ದನಮ್ಮ."

"ಸುಮ್ಮನಿರೋ! ನಿಂಗೇನು ಗೊತ್ತು? ಎಲಿಶಾ ಕಲಿಸಿದ್ದು ಹಿಂಗೇ. ಇದು ಎಲಿಶಾ ಹಾಡು."

ಸೆರಗಿನ ಮೈಕಿನಿಂದ ಅದು ನಾಲ್ಕು ಲೌಡ್‌ಸ್ಪೀಕರಿಗೂ ಹೋಯಿತು. ಇದು ಎಲಿಶಾ ಹಾಡು. ಊರಿಗೂ ಹೋಯಿತು, ಪಲ್ಲೆಗೂ ಹೋಯಿತು, ಪಲ್ಲೆಯ ಆಚೆ ಅಮ್ಮನನ್ನು ಹೂತ ದಿಬ್ಬಕ್ಕೂ ಹೋಗಿರಬೇಕು.

ಬಾಗಿಲ ಹತ್ತಿರ ಒಂದು ಚಪ್ಪಾಳೆ ಬಿತ್ತು. ಸಾರಮ್ಮನದು. ಆಮೇಲೆ ಅರವತ್ತು ಹೆಂಗಸರು ಎದ್ದು ನಿಂತರು. ಬಗ್ಗಿ ಬಂದು ಹುಯ್ದನಮ್ಮ. ಬೆರಳು ಬೆರಳು ಮುಟ್ಟಿ ಹುಯ್ದ. ನನ್ನ ಬೊಗಸೆ ತುಂಬಿತಮ್ಮ. ಎಲೆ ಕಟ್ಟಿ ಕಪ್ಪಾದ ನೂರಿಪ್ಪತ್ತು ಅಂಗೈಗಳ ಚಪ್ಪಾಳೆ. ತಬಲದವನು ಕೈ ಬಿಟ್ಟು ಕೂತ. ಹೊರಗೆ ಯಾರೋ ತಮಟೆಗೆ ಪೆಟ್ಟು ಕೊಟ್ಟರು. ಕುರ್ಚಿಗಳ ಮಧ್ಯೆ ಚಾಪೆಯ ಮೇಲಿದ್ದ ಮಕ್ಕಳ ಗುಂಪಿನಲ್ಲಿ ಕೆಜಿಯಾ ಪುಸ್ತಕ ಮಡಿಚಿ ತೊಡೆಯ ಕೆಳಗೆ ಇಟ್ಟುಕೊಂಡಳು. ಬೊಗಸೆ ಅಂತ ಹಾಡಿದಳು. ಪಟ್ಟಣದ ಬೋಧಕರಿಗೆ ಏನೂ ತಿಳಿಯದೆ ಅವರೂ ಚಪ್ಪಾಳೆ ತಟ್ಟಿದರು. ಅಮ್ಮನಿಗಿದ್ದ ಸಂತೋಷ ಅಂದರೆ ಏನು ಅಂತ ನನಗೆ ಅವತ್ತು ಸ್ವಲ್ಪ ಗೊತ್ತಾಯಿತು.

"ಮೈಕು ಆರಿಸಿ! ಅಯ್ಯಗಾರೂ, ಮೈಕು ಆರಿಸಿ!" ಅಂತ ಚೌದರಿ ಕೂಗಿದ. ಏಸುಪಾದಂ ಅಯ್ಯಗಾರು ಯಂತ್ರದ ಪಕ್ಕದಲ್ಲೇ ನಿಂತಿದ್ದರು. ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

ಹಾಡು ನಿಂತಾಗ ಪುನ್ನಮ್ಮನಿಗೆ ಕೆಮ್ಮು ಹತ್ತಿತು. "ನೀರು" ಅಂದಳು. ಝಾನ್ಸಿ ಬೆಳ್ಳಿ ಲೋಟ ತಂದಳು. ಮುದುಕಿ ಬಾಯಿ ಬಿಗಿದು ಮುಖ ತಿರುಗಿಸಿದಳು. ಚೌದರಿ ಲೋಟ ಕಿತ್ತುಕೊಂಡು ತುಟಿಗೆ ಒತ್ತಿದ. ನೀರೆಲ್ಲ ಎದೆಗೆ ಬಿತ್ತು. ಅವಳು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದಳು. ಎರಡು ಕೈ ಜೋಡಿಸಿದಳು. ಬೊಗಸೆಯನ್ನು ಬಾಯಿಗೆ ಹಿಡಿದಳು.

ಆ ಬೊಗಸೆ ಯಾರದು ಅಂತ ಊರಿನವರಿಗೂ ಗೊತ್ತು, ಪಲ್ಲೆಯವರಿಗೂ ಗೊತ್ತು. ಐವತ್ತು ವರ್ಷ ಅದಕ್ಕೆ ಹುಯ್ದವರು ಅಲ್ಲೇ ಕೂತಿದ್ದರು, ಹಿಡಿದವರೂ ಅಲ್ಲೇ ನಿಂತಿದ್ದರು.

"ಹುಯ್ಯೇ" ಅಂದ ಚೌದರಿ, ಹಲ್ಲು ಕಚ್ಚಿಕೊಂಡು. "ಏನು ನೋಡ್ತೀಯ? ಹುಯ್ಯಿ."

"ನಾನು ಹುಯ್ಯಲ್ಲ."

"ಏನಂದೆ?"

"ಹುಯ್ಯಲ್ಲ ಅಂದೆ. ಇಷ್ಟು ಜನದ ಎದುರು ಮಾದಿಗರ ಕೈ ನೀರು ನಿಮ್ಮಮ್ಮ ಕುಡೀಬಹುದಾ? ನೀವೇ ಹುಯ್ಯಿ. ಎಷ್ಟೆತ್ತರದಿಂದ ಅಂತ ನಿಮಗೆ ಗೊತ್ತಲ್ಲ."

ಚೆಂಬನ್ನು ಅವನ ಕೈಗೆ ಕೊಡಲಿಲ್ಲ. ಅವನ ಕಾಲ ಹತ್ತಿರ ನೆಲಕ್ಕಿಟ್ಟೆ. ಅವನು ಬಗ್ಗಿ ಎತ್ತಿಕೊಳ್ಳಬೇಕಾಯಿತು.

ಮುದುಕಿ ಕೆಮ್ಮುತ್ತಿದ್ದಳು. ಬೊಗಸೆ ನಡುಗುತ್ತಿತ್ತು. ಅವನು ನಿಂತ. ಒಂದು ಸಲ ಮಂಡಿಯೂರಿದ್ದರೆ ಸಾಕಿತ್ತು. ತಾಯಿಯ ಬೆರಳಿಗೆ ಚೆಂಬು ತಾಗಿಸಿ ಹುಯ್ದಿದ್ದರೆ ನನ್ನ ಸೇಡು ಅಲ್ಲೇ ಮಣ್ಣಾಗುತ್ತಿತ್ತು. ಅವನಿಗೆ ಅದು ಹೊಳೆಯಲೇ ಇಲ್ಲ. ಬೊಗಸೆ ಕಂಡ ಕೂಡಲೇ ಅವನ ಕೈ ತಾನೇ ತಾನಾಗಿ ಎದೆಮಟ್ಟಕ್ಕೆ ಎದ್ದಿತು. ಅಲ್ಲಿಂದ ಹುಯ್ದ. ನೀರು ಮೂಗಿಗೆ ಬಿತ್ತು, ರೇಷ್ಮೆಗೆ ಬಿತ್ತು, ಮೊಣಕೈಯಿಂದ ಇಳಿಯಿತು. ಪುನ್ನಮ್ಮ ಗಟಗಟ ಕುಡಿದಳು.

ಕುಡಿದಾದ ಮೇಲೆ, ತಲೆ ಎತ್ತದೆ, ಹೆತ್ತ ಮಗನಿಗೆ ಹೇಳಿದಳು.

"ಸಾಕು ದೊರೆ."

ಲೌಡ್‌ಸ್ಪೀಕರು ನಾಲ್ಕೂ ಹೇಳಿದವು.

ಚೌದರಿಯ ಮುಖ ಸತ್ತವನ ಮುಖವಾಯಿತು. ಅವನು ತಾಯಿಯನ್ನು ನೋಡಲಿಲ್ಲ, ನನ್ನನ್ನು ನೋಡಿದ. ಕಲಿಸಿದವರು ಯಾರು ಅಂತ ಅವನಿಗೆ ಗೊತ್ತಾಯಿತು. ಗೊತ್ತಾಗಲಿ ಅಂತಲೇ ನಾನು ನಿಂತಿದ್ದೆ.

ಹೆಗಲ ಮೇಲಿನ ಚೀಲ ತೆಗೆದೆ. ಉಚ್ಚೆ ಬಟ್ಟೆಗಳಿದ್ದ ಚೀಲ. ಅವನ ತೋಳಿಗೆ ಹಾಕಿದೆ.

"ಸಾಕು ದೊರೆ" ಅಂದೆ, ತಲೆ ಎತ್ತಿ.

ವೇದಿಕೆಯ ಮುಂದಿನ ಮೆಟ್ಟಿಲಿಂದಲೇ ಇಳಿದೆ. ಕುರ್ಚಿಗಳ ನಡುವಿನ ದಾರಿಯಲ್ಲೇ ನಡೆದೆ.